ಐದು ಕೈಯ ಕಾರ್ಬನ್

ಬ್ಯಾಡಗಿಯ ನಮ್ಮ ಓಣಿಯಲ್ಲಿ ಬಿ.ಎಸ್ಸಿ. ಓದಿದ ಮೆಣಸಿನಕಾಯಿ ವ್ಯಾಪಾರಿ ನಾನೊಬ್ಬನೇ. ಇಪ್ಪತ್ತೈದು ವರ್ಷ ಅಂಗಡಿಯ ಘಾಟಿನಲ್ಲಿ ಕೂತಿದ್ದರೂ ರಸಾಯನಶಾಸ್ತ್ರ ನನ್ನ ನಾಲಿಗೆಯ ತುದಿಯಲ್ಲೇ ಇದೆ ಎಂದು ದೃಢವಾಗಿ ನಂಬಿದ್ದೆ. ಆ ನಾಲಿಗೆಯನ್ನು ಯಾರೂ ಪರೀಕ್ಷಿಸಿರಲಿಲ್ಲ, ಅಷ್ಟೇ!

ಮಗಳು ವಿದ್ಯಾ ಹಾವೇರಿಯ ಕಾಲೇಜಿನಲ್ಲಿ ಎರಡನೇ ಪಿಯುಸಿ ಸೈನ್ಸ್ ಓದುತ್ತಿದ್ದಳು. ಅವಳಿಗೆ ಮುಂದೆ ಬಿ.ಎಸ್ಸಿ. ಅಗ್ರಿ ಮಾಡುವ ಹಂಬಲ. ಅದಕ್ಕೆ ಕಾಲೇಜಿನವರೇ ನಡೆಸುವ ಸಿಇಟಿ ತರಗತಿಗೆ ಸೇರಬೇಕು, ಸೇರಲು ಆರ್ಗ್ಯಾನಿಕ್ ಕೆಮಿಸ್ಟ್ರಿ ಟೆಸ್ಟ್ ಪಾಸಾಗಬೇಕು. ನಾನಿರುವಾಗ ಟ್ಯೂಷನ್ ಯಾಕೆ? ಖುದ್ದು ಕೂತು ಪಾಠ ಹೇಳಿದೆ. ಬಂದದ್ದು ಇಪ್ಪತ್ತಕ್ಕೆ ಮೂರು! ನಾನು ಬೆಚ್ಚಿಬಿದ್ದೆ. ಪಂಚಮಿ ಮುಗಿದ ಮರುದಿನವೇ ತಂದೆಯನ್ನು ಕರೆದುಕೊಂಡು ಬಾ ಎಂದು ಕೆಮಿಸ್ಟ್ರಿ ಮೇಡಂ ಬೇರೆ ಹೇಳಿ ಕಳಿಸಿದ್ದರು.

“ನಾ ಹೇಳಿದ್ದು ನೀ ಲಕ್ಷ್ಯಗೊಟ್ಟು ಕೇಳಿಲ್ಲ,” ಎಂದು ಗದರಿದೆ.

“ಇಲ್ಲಪ್ಪಾ, ನೀ ಹೇಳಿದಂಗ ಬರದೇನಿ,” ಎಂದಳು ಪಾಪದ ಹುಡುಗಿ.

ಬಾಯಿಮಾತಿನ ಪಾಠ ಇವಳಿಗೆ ಸಾಲದು, ಕಣ್ಣಿಗೆ ಕಟ್ಟುವಂತೆ ತೋರಿಸಬೇಕು ಎಂದು ನಿರ್ಣಯಿಸಿದೆ. ಅಂದು ನಾಗರ ಪಂಚಮಿ. ಹೆಂಡತಿ ಗಿರಿಜಾ ನಾಗಪ್ಪನಿಗೆ ಹಾಲೆರೆಯಲು ಹೋಗಿದ್ದಳು. ಅಡುಗೆಮನೆಯ ಪರಾತದಲ್ಲಿ ಶೇಂಗಾ, ಎಳ್ಳು, ರವೆ, ಬೇಸನ್ ಎಂದು ಬಗೆಬಗೆಯ ಉಂಡಿಗಳು. ನೋಡಿದೊಡನೆ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಕರಿ ಎಳ್ಳಿನ ಉಂಡಿ ಕಾರ್ಬನ್! ಬೆಳ್ಳಗಿನ ಪುಟ್ಟ ರವೆ ಉಂಡಿ ಹೈಡ್ರೋಜನ್! ಒಂದಕ್ಕೊಂದು ಕೈ ಹಿಡಿಸಲು ಕಡ್ಡಿ ಬೇಕಲ್ಲ? ಮೂಲೆಯಲ್ಲಿ ಹೊಸ ಕಸಬರಿಗೆ ಇತ್ತು.

ಎಳ್ಳುಂಡಿಗಳನ್ನು ಗಿರಿಜಾ ಕೊನೆಗೆ ಕಟ್ಟಿದ್ದಳು, ಬೆಲ್ಲದ ಪಾಕ ಇನ್ನೂ ಮೆತ್ತಗಿತ್ತು. ಒಂದು ಉಂಡಿಗೆ ಐದು ಕಡ್ಡಿ ಚುಚ್ಚಿ, ಪ್ರತಿ ಕಡ್ಡಿಯ ತುದಿಗೆ ಒಂದೊಂದು ರವೆ ಉಂಡಿ ಸಿಕ್ಕಿಸಿದೆ.

“ನೋಡು, ಇದು ಮೀಥೇನ್.”

ವಿದ್ಯಾ ಮೆಲ್ಲಗೆ ಹೇಳಿದಳು: “ಅಪ್ಪಾ, ಪುಸ್ತಕದಾಗ ಕಾರ್ಬನ್ನಿಗೆ ನಾಕ ಕೈ ಅಂತ ಐತಿ.”

“ಅಚ್ಚಿನ ತಪ್ಪು! ಉಡಿ ತುಂಬಾಕ ಹಣ್ಣ ಎಷ್ಟ ಇಡ್ತಾರ?”

“ಐದು.”

“ಮತ್ತ? ಜೀವಜಗತ್ತನ್ನೆಲ್ಲಾ ಹಿಡ್ಕೊಂಡು ನಿಂತ ಕಾರ್ಬನ್ನಿಗೆ ನಾಕ ಕೈ ಸಾಲ್ತಾವೇನು?”

ಇಂಥ ವಾದಕ್ಕೆ ಉತ್ತರ ಎಲ್ಲಿಂದ ಬರಬೇಕು? ಮಗಳು ಪುಸ್ತಕ ಮುಚ್ಚಿಟ್ಟಳು. ನಾನು ಗೆದ್ದೆ ಎಂದುಕೊಂಡೆ.

ಅಷ್ಟರಲ್ಲಿ ಬಾಗಿಲಲ್ಲಿ ಗಿರಿಜಾಳ ಬಳೆ ಸದ್ದು! ಕಡ್ಡಿ ಕಿತ್ತರೆ ಬರಲೊಲ್ಲವು, ಪಾಕ ಆರಿ ಉಂಡಿ ಕಲ್ಲಾಗಿತ್ತು. ಕೈಗೆ ಸಿಕ್ಕ ಸ್ಟೀಲ್ ಡಬ್ಬಿಯ ತಳಕ್ಕೆ ಮೀಥೇನನ್ನು ಹಾಗೇ ಇಳಿಸಿ, ಮೇಲೆ ಶೇಂಗಾ ಉಂಡಿ ತುಂಬಿ ಮುಚ್ಚಿದೆ. ಆಮೇಲೆ ತೆಗೆದರಾಯಿತು ಅಂದುಕೊಂಡೆ. ಊಟವಾಯಿತು, ಜೋಕಾಲಿಯಾಯಿತು, ನಿದ್ದೆಯಾಯಿತು. ಮೀಥೇನ್ ಮರೆತೇಹೋಯಿತು.

ಮರುದಿನ ಮಗಳ ಜೊತೆ ಬಸ್ಸಿಗೆ ಹೊರಟಾಗ ಗಿರಿಜಾ ಬಟ್ಟೆಯ ಚೀಲವೊಂದನ್ನು ಕೈಗಿತ್ತಳು. “ಹಬ್ಬದ ಉಂಡಿ ಅದಾವ, ಮೇಡಂ ಅವರಿಗೆ ಕೊಡ್ರಿ. ಹುಡುಗಿ ಸಲುವಾಗಿ ಎರಡ ಮಾತು ಚಲೋತ್ನಂಗ ಆಡ್ರಿ.”

ವಿದ್ಯಾ ತರಗತಿಗೆ ಹೋದಳು. ನಾನು ಸ್ಟಾಫ್ ರೂಮಿಗೆ ಹೋಗಿ ಚೀಲ ಒಪ್ಪಿಸಿದೆ. ಮೇಡಂ ಸಂತೋಷದಿಂದ ಡಬ್ಬಿ ಹೊರತೆಗೆದರು. ಅದೇ ಡಬ್ಬಿ!

“ಮೇಡಂ, ಮನಿಗೆ ಒಯ್ದು ತಿನ್ರಿ!” ಎಂದು ಅಂಗಲಾಚಿದೆ.

“ಹಬ್ಬದ ಉಂಡಿ ಎಲ್ಲಾರೂ ಕೂಡಿ ತಿನ್ನಬೇಕ್ರಿ,” ಎಂದು ಅವರು ಎಲ್ಲರಿಗೂ ಹಂಚತೊಡಗಿದರು. ಐದಾರು ಜನ ಉಪನ್ಯಾಸಕರು ಹೊಗಳುತ್ತಾ ತಿಂದರು. ಡಬ್ಬಿ ಖಾಲಿಯಾಗುತ್ತಾ ಬಂತು. ಮೇಡಂ ಕೈ ತಳ ಮುಟ್ಟಿತು. ಒಂದು ಕಡ್ಡಿ ಹಿಡಿದು ಎಳೆದರು. ಇಡೀ ಅಣು ಮೇಲೆದ್ದು ಬಂತು!

“ಏನ್ರೀ ಇದು?”

“ಮೀಥೇನ್ ರೀ,” ಅಂದುಬಿಟ್ಟೆ.

ಪಕ್ಕದಲ್ಲಿದ್ದ ಗಣಿತದ ಸರ್ ಅಗಿಯುವುದನ್ನು ನಿಲ್ಲಿಸಿದರು. “ಇವು ಕಸಬರಗಿ ಕಡ್ಡಿ ಅಲ್ರೀ?”

“ಹೊಸಾ ಕಸಬರಗಿ ರೀ! ಒಂದ ದಿನಾನೂ ಕಸ ಹೊಡದಿಲ್ರಿ!”

ಬಾಯಲ್ಲಿ ಉಂಡಿ ಇದ್ದವರು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಆದರೆ ಮೇಡಂ ಕಡ್ಡಿಯ ಚಿಂತೆ ಮಾಡಲಿಲ್ಲ. ಬೆರಳಿಟ್ಟು ಎಣಿಸುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು, ಐದು. ಮತ್ತೊಮ್ಮೆ ಎಣಿಸಿದರು. ಆಮೇಲೆ ಡ್ರಾವರಿನಿಂದ ವಿದ್ಯಾಳ ಉತ್ತರ ಪತ್ರಿಕೆ ತೆಗೆದು ನನ್ನ ಮುಂದಿಟ್ಟರು. ಪುಟದ ತುಂಬಾ ಕಾರ್ಬನ್. ಪ್ರತಿ ಕಾರ್ಬನ್ನಿಗೂ ಐದೈದು ಗೆರೆ!

“ಕಾರ್ಬನ್ನಿಗೆ ನಾಕ ಕೈ ರೀ. ಇದನ್ನ ಯಾರ ಹೇಳಿಕೊಟ್ರು ಅಂತ ಹುಡುಗಿನ್ನ ಮೂರ ಸಲ ಕೇಳೇನಿ. ಬಾಯಿ ಬಿಡಲಿಲ್ಲ. ಯಾವ ಟ್ಯೂಷನ್ ಮಾಸ್ತರ ಇಂಥಾ ಅನ್ಯಾಯ ಮಾಡ್ಯಾನ ಅಂತ ಕೇಳಾಕ ನಿಮ್ಮನ್ನ ಕರೆಸಿದ್ದೆ.”

ಮಾಸ್ತರ ಎದುರಿಗೇ ನಿಂತಿದ್ದ! ಪತ್ರಿಕೆ ಮತ್ತೆ ನೋಡಿದೆ. ಬಂದಿದ್ದ ಮೂರು ಅಂಕಗಳೂ ನಾನು ಹೇಳಿಕೊಡದೆ ಬಿಟ್ಟಿದ್ದ ಪ್ರಶ್ನೆಗೆ ಬಂದಿದ್ದವು. ನನ್ನ ಮಾನ ಉಳಿಸಲು ಮಗಳು ಪುಸ್ತಕವನ್ನೇ ಸುಳ್ಳು ಮಾಡಿ, ಬೈಗುಳ ತಿಂದು ಸುಮ್ಮನಿದ್ದಳು. ನಾನೋ ಲಕ್ಷ್ಯವಿಲ್ಲ ಎಂದು ಅವಳನ್ನೇ ಗದರಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ತಪ್ಪು ನಂದ್ರಿ ಮೇಡಂ. ಹುಡುಗಿಗೆ ಇನ್ನೊಂದ ಸಲ ಟೆಸ್ಟ್ ಕೊಡ್ರಿ,” ಎಂದು ಕೈ ಮುಗಿದೆ.

“ಕೊಡ್ತೇನ್ರಿ, ಇನ್ನ ನಾಕ ದಿನಕ್ಕ. ಅಲ್ಲಿತನಕ ನೀವು ಪುಸ್ತಕದ ಹತ್ರ ಸುಳೀಬಾರ್ದು,” ಎಂದರು ಮೇಡಂ. ಗಣಿತದ ಸರ್ ಎದ್ದು ಬಾಯಿ ತೊಳೆಯಲು ಹೋದರು.

ಮನೆಗೆ ಬಂದು ಗಿರಿಜಾಗೆ ಎಲ್ಲ ಹೇಳಿದೆ. ಅವಳು ಕುಸಿದು ಕೂತಳು. “ಗುರುಗಳ ಬಾಯಿಗೆ ಕಸಬರಗಿ ಕಡ್ಡಿ ಉಂಡಿ! ಇನ್ನ ಯಾವ ಮಾರಿ ಇಟ್ಕೊಂಡ ಹಾವೇರಿಗೆ ಹೋಗಲಿ?” ಎಂದು ತಲೆ ಚಚ್ಚಿಕೊಂಡಳು. ಅಂದೇ ನನ್ನ ಹಾಸಿಗೆ ಅಂಗಡಿಗೆ ಹೋಯಿತು. ನಾಲ್ಕು ದಿನ ಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತಾ ಮಲಗಿದೆ, ಬುತ್ತಿ ಅಲ್ಲಿಗೇ ಬರುತ್ತಿತ್ತು. ಮಗಳು ಪುಸ್ತಕ ಓದಿ ಟೆಸ್ಟ್ ಬರೆದಳು. ಇಪ್ಪತ್ತಕ್ಕೆ ಹದಿನೆಂಟು! ಸಿಇಟಿ ತರಗತಿಗೂ ಸೇರಿದಳು.

ಓಣಿಯವರು ಅಭಿನಂದಿಸಲು ಬಂದಾಗ ಸಹಜವಾಗಿ ನನ್ನ ಕಡೆ ನೋಡಿದರು. ಬಿ.ಎಸ್ಸಿ. ತಂದೆಯಲ್ಲವೇ! ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವಿದ್ಯಾ ಪ್ರೀತಿಯಿಂದಲೇ ಹೇಳಿದಳು:

“ಎಲ್ಲಾ ನಮ್ಮಪ್ಪಂದ ಉಪಕಾರ ರೀ. ನಾಕ ದಿವಸ ಮನಿಗೇ ಬರಲಿಲ್ಲ.”