ಮೀನಪ್ಪ ನೀರಿಗಿಳಿದದ್ದು

“ಅದಕ್ಕೆ ಹೊರಗಿನವರು ಯಾಕೆ ಸಾರ್? ನಾನೇ ಇಳೀತೀನಿ.”

ಮೀನಪ್ಪ ಈ ಮಾತು ಹೇಳಿದ್ದು ಬೆಳಗಿನ ಹನ್ನೊಂದು ಗಂಟೆಗೆ, ಸಂಪೂರ್ಣ ಎಚ್ಚರದಲ್ಲಿ, ಹೋಟೆಲಿನ ಮ್ಯಾನೇಜರ್ ಮತ್ತು ಸ್ವಾಗತದ ಮೇಜಿನ ಇಬ್ಬರು ಹೆಂಗಸರ ಎದುರಿಗೆ. ಹಾಗಾಗಿ ಆಮೇಲೆ ‘ನಾನು ಹಾಗೆ ಅಂದೇ ಇಲ್ಲ’ ಎಂದು ಸಾಧಿಸುವ ದಾರಿಯೂ ಮುಚ್ಚಿಹೋಯಿತು.

ಮೀನಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಇಪ್ಪತ್ತೆರಡು ವರ್ಷಗಳಿಂದ ಅವರದು ಬಣ್ಣದ ಮೀನಿನ ಅಂಗಡಿ. ಯಾವ ಮೀನಿಗೆ ಹೊಟ್ಟೆ ಸರಿಯಿಲ್ಲ, ಯಾವುದು ಮುನಿಸಿಕೊಂಡಿದೆ, ಯಾವುದು ಸುಮ್ಮನೆ ನಾಟಕ ಆಡುತ್ತಿದೆ ಎಂಬುದನ್ನು ಬಾಲ ಅಲ್ಲಾಡುವ ರೀತಿ ನೋಡಿಯೇ ಹೇಳಬಲ್ಲವರು. ವಾರಕ್ಕೊಬ್ಬರಾದರೂ ಒಳಗೆ ಬಂದು “ಒಂದು ಕೆಜಿ ಕೊಡಿ, ತುಂಡು ಮಾಡಿ” ಎನ್ನುತ್ತಿದ್ದರು. “ಇವು ನೋಡೋ ಮೀನು ಕಣ್ರೀ, ನೋಡಿಯೇ ಹೊಟ್ಟೆ ತುಂಬಿಸ್ಕೋಬೇಕು” ಎಂದು ಅವರನ್ನು ಸಾಗಹಾಕುವುದೂ ಮೀನಪ್ಪನವರ ವೃತ್ತಿಯ ಒಂದು ಭಾಗವಾಗಿತ್ತು.

ಆ ಹೋಟೆಲಿನ ಹಜಾರದಲ್ಲಿ ಎರಡು ಅಂತಸ್ತಿನಷ್ಟು ಎತ್ತರದ ಗಾಜಿನ ತೊಟ್ಟಿಯಿತ್ತು. ಅದರಲ್ಲಿದ್ದ ಅರವತ್ತು ಚಿಲ್ಲರೆ ಮೀನುಗಳನ್ನು ಬೆರಳುದ್ದ ಇದ್ದಾಗಿನಿಂದ ಸಾಕಿ ಬೆಳೆಸಿದವರು ಮೀನಪ್ಪ. ಅವರ ಕೆಲಸವೆಲ್ಲ ಮೇಲಿನಿಂದ: ಮಹಡಿಯ ಮೇಲೆ ತೊಟ್ಟಿಯ ಬಾಯಿಯ ಬಳಿ ಕೂತು ಆಹಾರ ಉದುರಿಸುವುದು, ನೀರು ಪರೀಕ್ಷಿಸುವುದು, ಯೋಗಕ್ಷೇಮ ವಿಚಾರಿಸುವುದು. ಒಳಗಿಳಿದು ಗಾಜು ಉಜ್ಜಲು ಬೇರೊಬ್ಬ ಮುಳುಗುಗಾರನಿದ್ದ. ಅವನು ಹಡಗಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟುಹೋದ. ಮೂರೇ ವಾರದಲ್ಲಿ ಗಾಜಿಗೆ ಪಾಚಿ ಹತ್ತಿ, ಹೋಟೆಲಿಗೆ ಬಂದವರಿಗೆ ಮೀನಿನ ಬದಲು ಹಸಿರು ಪರದೆ ಕಾಣತೊಡಗಿತು.

“ಬೇರೆ ಕಂಪನಿಯವರು ಬರ್ತೀವಿ ಅಂತಿದಾರೆ,” ಎಂದರು ಮ್ಯಾನೇಜರ್. “ಅವರ ಹತ್ರ ಮುಳುಗೋರೂ ಇದಾರೆ. ಆದ್ರೆ ಹಳೇ ಮೀನೆಲ್ಲ ತೆಗೆದು ಅವರ ಮೀನೇ ಬಿಡ್ತಾರಂತೆ.”

ಮೀನಪ್ಪನವರ ಎದೆ ಧಸಕ್ಕೆಂದಿತು. ಆ ಧಸಕ್ಕಿನ ಜೊತೆಯಲ್ಲೇ ಬಾಯಿಂದ ಹೊರಬಿದ್ದದ್ದು ಮೇಲೆ ಹೇಳಿದ ಮಾತು.

“ನಿಮಗೆ ಮುಳುಗೋಕೆ ಬರುತ್ತಾ?”

“ಇಪ್ಪತ್ತೆರಡು ವರ್ಷ ಮೀನಿನ ಜೊತೆ ಸಂಸಾರ ಮಾಡಿದೀನಿ ಸಾರ್. ನೀರು ಅಂದ್ರೆ ನನಗೆ ತೌರುಮನೆ.”

ಮ್ಯಾನೇಜರ್ ಒಂದು ತಿಂಗಳು ಗಡುವು ಕೊಟ್ಟರು.

ನಿಜ ಏನೆಂದರೆ, ಈ ತೌರುಮನೆಯ ಹೊಸ್ತಿಲನ್ನು ಅವರು ಒಂದು ಸಲವೂ ದಾಟಿದವರಲ್ಲ. ಸ್ನಾನಕ್ಕೆ ಕೂತರೆ ಕತ್ತಿನಿಂದ ಕೆಳಗೆ ಮಾತ್ರ ನೀರು ಸುರಿದುಕೊಳ್ಳುತ್ತಿದ್ದರು. ತಲೆಗೆ ನೀರು ಹಾಕಿಕೊಳ್ಳುವ ದಿನ ಕಣ್ಣು ಮುಚ್ಚಿ, ಮೂಗು ಹಿಡಿದು, ‘ಇದೇ ಕೊನೆ’ ಎನ್ನುವಂಥ ಮುಖ ಮಾಡಿ, ಒಂದೇ ಚೊಂಬು. ಇದು ಗೊತ್ತಿದ್ದದ್ದು ಪ್ರಪಂಚದಲ್ಲಿ ಅವರ ಹೆಂಡತಿಗೊಬ್ಬರಿಗೇ.

ಹೆಂಡತಿಯದು ಹೊಸಬರಿಗೆ ಕಾರು ಓಡಿಸುವುದನ್ನು ಕಲಿಸುವ ಕೆಲಸ. ದಿನಕ್ಕೆ ಎಂಟು ಜನ ನಡುಗುವವರ ಪಕ್ಕದಲ್ಲಿ ಕೂತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಊರಿಗೆ ಉಪಕಾರ ಮಾಡುತ್ತಿದ್ದವರು. ಅವರಿಗೆ ಭಯದ ಬಗೆಗಳೆಲ್ಲ ಗೊತ್ತು.

“ಡೈವಿಂಗ್ ಕಲೀಬೇಕು ಅಂತಿದೀನಿ ಕಣೇ,” ಎಂದರು ಮೀನಪ್ಪ ಊಟದ ಹೊತ್ತಿಗೆ, ತಟ್ಟೆ ನೋಡುತ್ತ.

ಹೆಂಡತಿಯ ಮುಖ ಅರಳಿತು. “ಅಬ್ಬಾ, ಕೊನೆಗೂ ಬುದ್ಧಿ ಬಂತು. ನಾಳೆ ಆರು ಗಂಟೆಗೆ ಬನ್ನಿ, ನಾನೇ ಕಲಿಸ್ತೀನಿ.”

“ಡ್ರೈವಿಂಗ್ ಅಲ್ಲ. ಡೈವಿಂಗ್.”

“ರ ಒತ್ತು ಎಲ್ಲಿ ಹೋಯ್ತು?”

“ನೀರಿಗೆ ಬಿತ್ತು.”

ವಿಷಯವೆಲ್ಲ ಕೇಳಿದ ಮೇಲೆ ಅವರು ಕೈಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. “ತಲೆಗೆ ಎರಡನೇ ಚೊಂಬು ಹಾಕ್ಕೊಳ್ಳೋಕೆ ನಿಮಗೆ ಆಗಲ್ಲ. ಹದಿನೈದು ಅಡಿ ನೀರಿಗೆ ಇಳೀತೀರಾ?”

“ಚೊಂಬಿನ ನೀರು ಮೇಲಿಂದ ಬೀಳುತ್ತೆ. ಅದು ಆಕ್ರಮಣ. ತೊಟ್ಟಿ ನೀರು ಸುಮ್ನೆ ನಿಂತಿರುತ್ತೆ. ನಾವು ಅದರ ಮೇಲೆ ಆಕ್ರಮಣ ಮಾಡೋದು.”

ಈ ಯುದ್ಧನೀತಿ ಕೇಳಿ ಹೆಂಡತಿ ತಟ್ಟೆ ಸರಿಸಿದರು. ಎದ್ದು ಕೈ ತೊಳೆದುಕೊಂಡರು.

ಆಕ್ರಮಣದ ತಾಲೀಮು ಮನೆಯ ಬಚ್ಚಲುಮನೆಯಲ್ಲೇ ಆರಂಭವಾಯಿತು. ಹೆಂಡತಿ ಕೆಲಸಕ್ಕೆ ಹೋದ ಮೇಲೆ ಮೀನಪ್ಪ ಅಂಗಡಿಗೆ ಅರ್ಧ ಗಂಟೆ ಬಾಗಿಲು ಹಾಕಿ ಗುಟ್ಟಾಗಿ ಮನೆಗೆ ಬಂದರು. ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ನೀರು ತುಂಬಿದರು. ಹೊಸದಾಗಿ ಕೊಂಡಿದ್ದ ಮಾಸ್ಕನ್ನು ಕಣ್ಣು ಮೂಗಿಗೆ ಬಿಗಿದು, ಉಸಿರಾಟದ ಕೊಳವೆಯನ್ನು ಬಾಯಿಗೆ ಕಚ್ಚಿ, ಮಂಡಿಯೂರಿ, ಮುಖವನ್ನು ನೀರಿಗೆ ಇಳಿಸಿದರು. ಏನಾದರೂ ಹೆಚ್ಚು ಕಡಿಮೆಯಾದರೆ ಇರಲಿ ಎಂದು ಬಾಗಿಲಿನ ಚಿಲಕ ಹಾಕಿರಲಿಲ್ಲ.

ಒಂದು ನಿಮಿಷ ಸಾಯಲಿಲ್ಲ. ಎರಡನೆಯ ನಿಮಿಷವೂ ಸಾಯಲಿಲ್ಲ. ಮೀನಪ್ಪನವರಿಗೆ ಎಷ್ಟು ಆನಂದವಾಯಿತೆಂದರೆ ಕೊಳವೆಯೊಳಗೇ ಒಂದು ಹಾಡು ಹೇಳತೊಡಗಿದರು.

ಅವತ್ತು ಹೆಂಡತಿಯ ಒಬ್ಬ ಶಿಷ್ಯ ಬಂದಿರಲಿಲ್ಲ. ಬೇಗ ಮನೆಗೆ ಬಂದವರಿಗೆ ಬಚ್ಚಲಿನಿಂದ ‘ಗೊಳ್ ಗೊಳ್ ಬುಡ್’ ಎಂಬ ಸದ್ದು ಕೇಳಿತು. ಗಂಡ ಅಂಗಡಿಯಲ್ಲಿದ್ದಾರೆ ಎಂದೇ ತಿಳಿದಿದ್ದ ಅವರು, ಪೈಪ್ ಕಟ್ಟಿಕೊಂಡಿರಬೇಕೆಂದು ಕೆಳಗಿನ ಮನೆಯಲ್ಲೇ ಇದ್ದ ನಲ್ಲಿ ರಿಪೇರಿಯವರನ್ನು ಕರೆದರು. ರಿಪೇರಿಯವರು ಸಲಕರಣೆಗಳ ಚೀಲದೊಂದಿಗೆ ಬಂದು ಬಾಗಿಲು ತಳ್ಳಿದರು. ಒಳಗೆ, ಅರ್ಧ ಚಡ್ಡಿಯಲ್ಲಿ, ಟಬ್ಬಿಗೆ ಸಾಷ್ಟಾಂಗ ಮಾಡಿದ ಭಂಗಿಯಲ್ಲಿ ಮೀನಪ್ಪ ಹಾಡುತ್ತಿದ್ದರು.

ರಿಪೇರಿಯವರು ಮೆಲ್ಲಗೆ ಬಾಗಿಲು ಎಳೆದುಕೊಂಡು ಹೊರಬಂದರು.

“ಅಮ್ಮಾವ್ರೇ, ಪೈಪ್ ಸರಿಯಾಗಿದೆ. ಕಟ್ಟಿಕೊಂಡಿರೋದು ಬೇರೆ ಏನೋ. ಅದು ನಮ್ಮ ಕೈಲಿ ಆಗಲ್ಲ.”

ಮುಳುಗುವುದನ್ನು ಕಲಿಸುವವರು ಊರ ಈಜುಕೊಳದಲ್ಲಿದ್ದರು. ತೆಳ್ಳಗೆ ಉದ್ದವಾಗಿದ್ದ, ಮೂವತ್ತು ದಾಟದ ಹೆಣ್ಣುಮಗಳು. ಎಲ್ಲರೂ ಟೀಚರ್ ಎನ್ನುತ್ತಿದ್ದರು, ಅವರಿಗಿಂತ ಎರಡರಷ್ಟು ವಯಸ್ಸಾದ ಮೀನಪ್ಪನೂ ಹಾಗೇ ಕರೆದರು. ಮೊದಲ ದಿನ ಟೀಚರ್ ಹೇಳಿದ್ದು ಎರಡೇ ಮಾತು.

“ನೀರೊಳಗೆ ಯಾವತ್ತೂ ಉಸಿರು ಹಿಡೀಬಾರದು, ಆಡಿಸ್ತಾನೇ ಇರ್ಬೇಕು. ಇನ್ನೊಂದು, ಅಲ್ಲಿ ಮಾತಿಲ್ಲ, ಬರೀ ಕೈ. ಎಲ್ಲ ಸರಿ ಇದೆ ಅನ್ನೋಕೆ ಹೆಬ್ಬೆಟ್ಟು ತೋರುಬೆರಳು ಸೇರಿಸಿ ಸೊನ್ನೆ ಮಾಡಿ. ಹೆಬ್ಬೆಟ್ಟು ಮೇಲೆತ್ತಿದ್ರೆ ‘ಸರಿ’ ಅಂತ ಅಲ್ಲ, ‘ಮೇಲೆ ಹೋಗೋಣ’ ಅಂತ. ನೆನಪಿರುತ್ತಾ?”

“ಬಹಳ ಸುಲಭ ಟೀಚರ್,” ಎಂದು ಮೀನಪ್ಪ ಹೆಬ್ಬೆಟ್ಟು ಎತ್ತಿದರು.

ಬೆನ್ನಿಗೆ ಗಾಳಿಯ ಸಿಲಿಂಡರ್, ತೇಲದಂತೆ ಸೊಂಟಕ್ಕೆ ಸೀಸದ ಪಟ್ಟಿ, ಕಾಲಿಗೆ ಬಾತುಕೋಳಿಯ ಪಾದ. ಇಷ್ಟೆಲ್ಲ ತೊಟ್ಟು ಆಳವಿಲ್ಲದ ಕಡೆ ಮಂಡಿಯೂರಿ ಕೂತಾಗ ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಟೀಚರ್ ತಮ್ಮ ಮಾಸ್ಕಿನ ಅಂಚನ್ನು ತುಸು ಸರಿಸಿ, ಒಳಗೆ ನೀರು ಬಿಟ್ಟುಕೊಂಡು, ತಲೆಯೆತ್ತಿ ಮೂಗಿನಿಂದ ಉಸಿರು ಊದಿ ಆ ನೀರನ್ನೆಲ್ಲ ಹೊರಗೆ ಹಾಕಿ ತೋರಿಸಿದರು. ‘ಈಗ ನೀವು’ ಎಂದು ಕೈ ಮಾಡಿದರು.

ಮೀನಪ್ಪ ಅಂಚು ಸರಿಸಿದರು. ತಣ್ಣನೆಯ ನೀರು ಕಣ್ಣಿಗೆ, ಮೂಗಿಗೆ ನುಗ್ಗಿತು. ಮುಂದೆ ಏನಾಯಿತೋ ಅವರಿಗೆ ಗೊತ್ತಿಲ್ಲ. ಕೈಕಾಲು ಬಡಿದು, ಬಾಯಿಗೆ ಕಚ್ಚಿದ್ದ ಉಸಿರಿನ ಕೊಳವೆ ಉಗಿದು, ಮೂರು ಗುಟುಕು ಕ್ಲೋರಿನ್ ನೀರು ಕುಡಿದು, ಸಾವಿನ ದವಡೆಯಿಂದ ಎದ್ದು ನಿಂತಾಗ ನೀರು ಅವರ ಸೊಂಟದ ಮಟ್ಟಕ್ಕಿತ್ತು.

ಪಕ್ಕದಲ್ಲಿ ಈಜು ಕಲಿಯುತ್ತಿದ್ದ ಪುಟ್ಟ ಮಕ್ಕಳ ಸಾಲು ಅವರನ್ನೇ ನೋಡುತ್ತಿತ್ತು. ಯಾರೂ ನಗಲಿಲ್ಲ. ಅದೇ ಅವರಿಗೆ ಹೆಚ್ಚು ಚುಚ್ಚಿತು.

ಕೊಳದ ಅಂಚಿನಲ್ಲಿ ಕೂತು ಬಹಳ ಹೊತ್ತು ಕೆಮ್ಮಿದರು. ಟೀಚರ್ ಪಕ್ಕದಲ್ಲಿ ಕೂತರು.

“ನನಗೆ ಭಯ ಟೀಚರ್,” ಎಂದರು ಮೀನಪ್ಪ. ಐವತ್ತೆಂಟು ವರ್ಷದಲ್ಲಿ ಆ ಮಾತನ್ನು ಅವರು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

“ಗೊತ್ತು. ಬಂದಾಗಲೇ ಗೊತ್ತಾಯ್ತು. ನೀರಿಗೆ ಇಳಿಯೋವಾಗ ಟವೆಲ್ ಕೂಡ ಹಿಡ್ಕೊಂಡು ಇಳಿದ್ರಿ.”

ಮನೆಗೆ ಬಂದು ಹೆಂಡತಿಗೂ ಹೇಳಿದರು. ಅವರು ಗೇಲಿ ಮಾಡಬಹುದೆಂದು ಎರಡು ಉತ್ತರ ತಯಾರು ಮಾಡಿಟ್ಟುಕೊಂಡಿದ್ದರು, ಅವು ವ್ಯರ್ಥವಾದವು.

“ನನ್ನ ಹತ್ರ ಬರೋರೂ ಹೀಗೇ,” ಎಂದರು ಹೆಂಡತಿ. “ಇಡೀ ರಸ್ತೇನ ಒಂದೇ ಸಲ ಓಡಿಸ್ಬೇಕು ಅಂತ ನೋಡ್ತಾರೆ. ಕೈ ನಡುಗುತ್ತೆ. ಮುಂದಿನ ಹತ್ತಡಿ ನೋಡ್ರೀ ಸಾಕು ಅಂತೀನಿ. ನೀವೂ ಹದಿನೈದು ಅಡಿ ನೀರು ಅಂತ ಲೆಕ್ಕ ಹಾಕ್ಬೇಡಿ. ಮುಂದಿನ ಒಂದು ಉಸಿರು ನೋಡಿ.” ಆಮೇಲೆ, “ನಾಳೆ ಎಷ್ಟು ಹೊತ್ತಿಗೆ ಕ್ಲಾಸು? ನಾನು ಬಿಡ್ತೀನಿ,” ಎಂದರು.

ಒಂದು ಉಸಿರು, ಇನ್ನೊಂದು ಉಸಿರು ಎಂದು ಮೂರೂವರೆ ವಾರ ಕಳೆಯಿತು. ಮೀನಪ್ಪ ಕೊಳದ ಆಳದ ಕಡೆಗೂ ಹೋಗಿ ಬಂದರು. ಬೇರೆಲ್ಲ ಬಂತು. ಮಾಸ್ಕಿಗೆ ನೀರು ಬಂದಾಗ ಮಾತ್ರ ಈಗಲೂ ಟೀಚರ್ ಕೈ ಹಿಡಿದುಕೊಳ್ಳಬೇಕಿತ್ತು.

ಹೋಟೆಲಿನ ದಿನ ಬಂತು. ಟೀಚರೂ ಜೊತೆಗೆ ಇಳಿಯುವುದೆಂದು ಮಾತಾಗಿತ್ತು. ಸುದ್ದಿ ಹೇಗೆ ಹರಡಿತೋ, ಹಜಾರದ ಕುರ್ಚಿಗಳೆಲ್ಲ ತುಂಬಿದ್ದವು. ಗಾಜಿನ ಮುಂದೆ, ಮೊದಲ ಸಾಲಿನಲ್ಲಿ, ಕೆಲಸಕ್ಕೆ ರಜೆ ಹಾಕಿ ಬಂದ ಹೆಂಡತಿ.

ಮೀನಪ್ಪ ಇಳಿದರು. ನೀರು ತಲೆಯ ಮೇಲೆ ಮುಚ್ಚಿಕೊಂಡಿತು. ಒಂದು ಉಸಿರು. ಇನ್ನೊಂದು. ಅಷ್ಟರಲ್ಲಿ ಅರವತ್ತು ಚಿಲ್ಲರೆ ಮೀನುಗಳಿಗೆ ಅನ್ನದಾತನ ಗುರುತು ಸಿಕ್ಕಿತು. ಇಷ್ಟು ವರ್ಷ ಆ ಕೈ ಮಾತ್ರ ಕಂಡಿದ್ದವು, ಈಗ ಇಡೀ ಮನುಷ್ಯನೇ ಬಂದಿದ್ದಾನೆ. ಎಲ್ಲವೂ ಒಟ್ಟಿಗೆ ಮುತ್ತಿದವು. ಊಟದ ಹೊತ್ತಿಗೆ ತಪ್ಪದೆ ಹಾಜರಾಗುವುದರಿಂದ ‘ಭಾವ’ ಎಂದು ಹೆಸರು ಪಡೆದಿದ್ದ ಮೊಣಕೈ ಉದ್ದದ ಗೌರಾಮಿ ಮೀನು ನೇರವಾಗಿ ಬಂದು ಅವರ ಕಿವಿ ಚೀಪಿತು.

ಹೊರಗಿನಿಂದ ಹೆಂಡತಿ ಧೈರ್ಯ ಹೇಳಲು ಹೆಬ್ಬೆಟ್ಟು ಎತ್ತಿ ತೋರಿಸಿದರು. ಸಂತೋಷ ತಡೆಯಲಾರದೆ ಮೀನಪ್ಪನೂ ಎತ್ತಿದರು. ಟೀಚರ್ ತಕ್ಷಣ ಅವರ ತೋಳು ಹಿಡಿದು ನಿಧಾನವಾಗಿ ಮೇಲಕ್ಕೆ ಕರೆದುಕೊಂಡು ಹೋದರು.

“ಏನಾಯ್ತು?” ಎಂದರು ಮೇಲೆ.

“ಏನಿಲ್ಲ ಟೀಚರ್, ಬಹಳ ಚೆನ್ನಾಗಿದೆ.”

ಮತ್ತೆ ಇಳಿದರು. ಹೆಂಡತಿ ಹೆಬ್ಬೆಟ್ಟು ಎತ್ತಿದರು. ಮೀನಪ್ಪ ಎತ್ತಿದರು. ಟೀಚರ್ ಎತ್ತಿಕೊಂಡು ಹೋದರು. ಮೂರನೆಯ ಸಲವೂ ಹೀಗೇ ಆದಾಗ ಕೂತಿದ್ದವರು, ಇದು ಇಲ್ಲಿನ ಪ್ರದರ್ಶನವೇ ಇರಬೇಕೆಂದು ಚಪ್ಪಾಳೆ ತಟ್ಟಿದರು.

“ಇನ್ನೊಂದು ಸಲ ಹೆಬ್ಬೆಟ್ಟು ಕಂಡ್ರೆ ಕಟ್ಟಿಹಾಕ್ತೀನಿ,” ಎಂದರು ಟೀಚರ್.

ನಾಲ್ಕನೆಯ ಸಲ ಮೀನಪ್ಪ ಸ್ಪಂಜು ಹಿಡಿದು ಕೆಲಸಕ್ಕೆ ನಿಂತರು. ಉಜ್ಜಿದಲ್ಲೆಲ್ಲ ಪಾಚಿ ಹೊಗೆಯಂತೆ ಎದ್ದು ಹೋಗಿ, ಹಜಾರದ ಮುಖಗಳು ಒಂದೊಂದಾಗಿ ಕಾಣತೊಡಗಿದವು. ಮುಕ್ಕಾಲು ಗಂಟೆಯಲ್ಲಿ ಗಾಜು ಗಾಜಾಯಿತು. ಬಲಗಡೆ ಕೆಳಮೂಲೆಯಲ್ಲಿ ಮಾತ್ರ ಅಂಗೈಯಷ್ಟು ಒಂದು ಮಸುಕು ಕಲೆ ಉಳಿದಿತ್ತು. ಎಷ್ಟು ಉಜ್ಜಿದರೂ ಜಪ್ಪಯ್ಯ ಎನ್ನಲಿಲ್ಲ. ಮೀನಪ್ಪ ಎರಡೂ ಕೈ ಹಾಕಿದರು.

ಆಗ ಹೆಂಡತಿ ಎದ್ದು ಗಾಜಿನ ಹತ್ತಿರಕ್ಕೇ ಬಂದು ಮಾತಾಡತೊಡಗಿದರು. ಒಂದು ಶಬ್ದವೂ ಕೇಳುತ್ತಿರಲಿಲ್ಲ. ತುಟಿ ಆಡುತ್ತಿತ್ತು, ಕೈ ಆಡುತ್ತಿತ್ತು, ಮುಖ ಕೆಂಪಾಗಿತ್ತು. ಇಷ್ಟು ಜನರ ಎದುರಿಗೆ, ಇಷ್ಟು ಆವೇಶದಲ್ಲಿ, ಆಕೆ ತಮ್ಮನ್ನು ಹೊಗಳುತ್ತಿದ್ದಾಳೆ ಎಂದು ಮೀನಪ್ಪನವರಿಗೆ ಅರ್ಥವಾಯಿತು. ಬೆರಳಿನ ಸೊನ್ನೆ ತೋರಿಸಿ ‘ಸರಿ’ ಎಂದರು. ಆಕೆ ಇನ್ನೂ ಏನೋ ಹೇಳಿದರು. ಮತ್ತೆ ‘ಸರಿ’ ಎಂದರು. ಮಾಸ್ಕಿನೊಳಗೆ ಕಣ್ಣು ತುಂಬಿ ಬಂತು. ಎದುರಿನದೆಲ್ಲ ಕಲಕಿತು. ಮೀನಪ್ಪ ಅಂಚು ಸರಿಸಿ, ನೀರು ಬಿಟ್ಟುಕೊಂಡು, ತಲೆಯೆತ್ತಿ, ಮೂಗಿನಿಂದ ಊದಿ ಒಂದೇ ಉಸಿರಿಗೆ ಎಲ್ಲವನ್ನೂ ಹೊರಗೆ ಹಾಕಿದರು. ಯಾರ ಕೈಯನ್ನೂ ಹಿಡಿಯಲಿಲ್ಲ. ಹಿಡಿಯಲಿಲ್ಲ ಎಂಬುದು ಹೊಳೆದದ್ದೂ ಆಮೇಲೆ.

ಅಷ್ಟರಲ್ಲಿ ಹೆಂಡತಿ ಕರವಸ್ತ್ರ ತೆಗೆದರು. ಕಣ್ಣೊರೆಸಿಕೊಳ್ಳುವುದನ್ನು ನೋಡಿ ಮುಜುಗರ ಮಾಡುವುದು ಬೇಡವೆಂದು ಮೀನಪ್ಪ ಸ್ಪಂಜು ಆಡಿಸುತ್ತಲೇ ಮುಖ ಪಕ್ಕಕ್ಕೆ ತಿರುಗಿಸಿ, ಭಾವನನ್ನು ನೋಡಿದರು. ತಿರುಗಿ ನೋಡುವಷ್ಟರಲ್ಲಿ ಕಲೆ ಮಾಯವಾಗಿತ್ತು.

ಮಹಡಿಯ ಮೆಟ್ಟಿಲ ಮೇಲೆ ಮ್ಯಾನೇಜರ್ ಕೈ ಕುಲುಕಿದರು. “ಮೀನು ಅವೇ ಇರಲಿ. ಇನ್ಮೇಲೆ ತಿಂಗಳಿಗೊಂದು ಸಲ ನೀವೇ ಇಳೀರಿ.” ಟೀಚರ್ ಬೆನ್ನು ತಟ್ಟಿದರು. ಹೆಂಡತಿ ಟವೆಲ್ ಹಿಡಿದು ಬಂದರು.

“ಆ ಕೆಳಮೂಲೆ ಕಲೆ ನೋಡಿದ್ಯಾ?” ಎಂದರು ಮೀನಪ್ಪ, ಎದೆಯುಬ್ಬಿಸಿ. “ಹಟ ಹಿಡಿದಿತ್ತು. ನಾನು ಬಿಡ್ಲಿಲ್ಲ.”

“ಅದು ಹೊರಗಡೆ ಇತ್ತು ರೀ.”

“ಯಾವುದು?”

“ಕಲೆ. ಯಾವುದೋ ಮಗು ಅಂಟುಗೈ ಇಟ್ಟ ಗುರುತು. ‘ಈ ಕಡೆ ಇದೆ, ಉಜ್ಜಬೇಡಿ’ ಅಂತ ಗಂಟಲು ಹರಿಯೋ ಹಾಗೆ ಕೂಗ್ದೆ. ನೀವು ಸರಿ, ಸರಿ ಅಂತ ಬೆರಳು ತೋರಿಸ್ಕೊಂಡು ಇನ್ನೂ ಜೋರಾಗಿ ಉಜ್ಜಿದ್ರಿ. ಕೊನೆಗೆ ನಾನೇ ಒರೆಸ್ದೆ.”

ಮೀನಪ್ಪ ಟವೆಲನ್ನು ತಲೆಯ ಮೇಲೆ ಎಳೆದುಕೊಂಡರು.

“ಅಷ್ಟು ಹೊತ್ತು ನಾನು ಏನು ಹೇಳ್ತಿದೀನಿ ಅನ್ಕೊಂಡಿದ್ರಿ?”

“ಒಂದಕ್ಷರ ಕೇಳಿಸ್ಲಿಲ್ಲ ಕಣೇ,” ಎಂದಿತು ಟವೆಲಿನೊಳಗಿನ ದನಿ.

“ಕೇಳಿಸ್ದೆ ಇದ್ರೂ ನಾನು ಹೇಳಿದ್ದಕ್ಕೆಲ್ಲ ಹೂಂ ಅಂದ್ರಿ. ಇಪ್ಪತ್ತೆಂಟು ವರ್ಷದಲ್ಲಿ ಇದೇ ಮೊದಲು.” ಹೆಂಡತಿ ಟವೆಲಿನ ಮೇಲಿನಿಂದಲೇ ಅವರ ತಲೆಯನ್ನು ಗಟ್ಟಿಯಾಗಿ ಒರೆಸುತ್ತ, ಮ್ಯಾನೇಜರ್ ಕಡೆ ತಿರುಗಿದರು. “ಸಾರ್, ತಿಂಗಳಿಗೊಂದು ಸಲ ಸಾಲದು. ವಾರಕ್ಕೆರಡು ಸಲ ಇಳಿಸಿ.”