ಅತ್ತೆಯ ಜೊತೆ ನೋಡಿದ ದೆವ್ವದ ಸಿನಿಮಾ

ಇಪ್ಪತ್ತು ವರ್ಷ ಒಂದೇ ಪಾಠ ಮಾಡಿದ ಮೇಷ್ಟರಿಗೆ, ಅದನ್ನು ಬರೆದವನೇ ತಾನು ಅನ್ನಿಸಿಬಿಡುತ್ತದೆ. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ನಾನು ಹೇಳಿಕೊಡುವ ಇಂಗ್ಲಿಷ್ ಪಠ್ಯದಲ್ಲಿ ಒಂದು ಹಳೇ ದೆವ್ವದ ಕಥೆಯಿದೆ. ಪಾಳು ಬಂಗಲೆ, ಒಬ್ಬಂಟಿ ದೊರೆ, ಮಹಡಿಯ ಮೇಲೆ ಸತ್ತ ಹೆಂಡತಿಯ ಹೆಜ್ಜೆ ಸಪ್ಪಳ. ಅಷ್ಟೇ. ದೆವ್ವ ಒಮ್ಮೆಯೂ ಮುಖ ತೋರಿಸುವುದಿಲ್ಲ. ಎಂಥ ಸಭ್ಯ ಕಥೆ!

ಅದು ಸಿನಿಮಾ ಆಗಿ ದೇವನಹಳ್ಳಿ ಕಡೆಯ ಮಾಲ್‌ಗೆ ಬಂತು. ತ್ಯಾಮಗೊಂಡ್ಲುವಿನಿಂದ ಬಂದಿದ್ದ ಅತ್ತೆಯನ್ನು, "ಬನ್ನಿ, ಸಾಹಿತ್ಯದ ಸಿನಿಮಾ, ಒಂದು ಹನಿ ರಕ್ತ ಇರಲ್ಲ" ಎಂದು ಬೆಳಗಿನ ಆಟಕ್ಕೆ ಕರೆದೊಯ್ದೆ. ಅತ್ತೆ ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಮ್ಮ ಆಗಿದ್ದವರು.

ಹತ್ತನೇ ನಿಮಿಷಕ್ಕೆ ಸತ್ತ ಹೆಂಡತಿ ಕೊಡಲಿ ಹಿಡಿದು ಮೆಟ್ಟಿಲಿಳಿದಳು. ದೊರೆಯ ಕೈ ಹೋಯಿತು. ಅಡುಗೆಯವನ ತಲೆ ಸಾರಿನ ಪಾತ್ರೆಗೇ ಬಿತ್ತು. ನಾನು "ಅಯ್ಯಯ್ಯೋ!" ಎಂದು ಕಿರುಚಿ ಅತ್ತೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಳಿಯನಾದವನು ಮಾಡುವ ಕೆಲಸವೇ? ಅತ್ತೆ ಪರದೆಯಿಂದ ಕಣ್ಣು ತೆಗೆಯದೆ ನನ್ನ ನಾಡಿ ಹಿಡಿದರು. "ಉಸಿರು ನಿಧಾನಕ್ಕೆ ತಗೊಳ್ಳಿ. ಪಾಪ, ಅವನ ಕೈಗೆ ಯಾರಾದ್ರೂ ಕಟ್ಟು ಕಟ್ಬಾರ್ದಾ?"

ಇಂಟರ್‌ವಲ್‌ನಲ್ಲಿ ಮ್ಯಾನೇಜರನನ್ನು ಹಿಡಿದೆ. "ಮೂಲ ಕಥೆಯಲ್ಲಿ ಇದೆಲ್ಲ ಇಲ್ಲ ಕಣ್ರೀ!"

"ನೀವು ಓದಿದ್ದೀರಾ ಸಾರ್?"

"ಇಪ್ಪತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ!"

ಮನೆಗೆ ಹೋಗೋಣವೆಂದರೆ ಅತ್ತೆ ಏಳಲಿಲ್ಲ. "ನೀವು ಹೊರಗೆ ಕೂತಿರಿ. ಅವಳಿಗೆ ಅವನು ಏನು ಮಾಡಿದ್ದ ಅಂತ ನನಗೆ ಗೊತ್ತಾಗ್ಬೇಕು." ಪಾಪ್‌ಕಾರ್ನ್ ಅಂಗಡಿಯ ಪಕ್ಕದ ಬೆಂಚಿನ ಮೇಲೆ ಒಂದು ಗಂಟೆ ಬೆವರುತ್ತ ಕೂತೆ. ಹೊರಬಂದ ಅತ್ತೆಯ ಕಣ್ಣು ಒದ್ದೆಯಾಗಿತ್ತು. "ಜೀವಂತ ಇದ್ದೋಳ್ನ ಗೋಡೆಯೊಳಗಿಟ್ಟು ಕಟ್ಟಿಬಿಟ್ಟಿದ್ದ. ನಿಮ್ಮ ಪಾಠದಲ್ಲಿ ಇದೆಯಾ?"

"ಇಲ್ಲ, ಅದು ಸಿನಿಮಾದವರು ಸೇರಿಸಿದ್ದು."

"ಪುಸ್ತಕ ತಂದು ತೋರ್ಸಿ."

ಮರುದಿನ ಜಂಬದಿಂದಲೇ ಲೈಬ್ರರಿಯಿಂದ ಮೂಲ ಕೃತಿ ತೆಗೆಸಿದೆ. ಅಲ್ಲೇ ನಿಂತು ಓದತೊಡಗಿದೆ. ಕೊಡಲಿ ಇತ್ತು. ಅಡುಗೆಯವನಿದ್ದ. ಗೋಡೆಯೂ ಇತ್ತು, ಅದರ ಒಳಮೈ ಮೇಲೆ ಅವಳ ಉಗುರಿನ ಗೀರುಗಳಿದ್ದವು. ಸಿನಿಮಾದವರೇ ಎಷ್ಟೋ ಕಮ್ಮಿ ಮಾಡಿದ್ದರು. ನಮ್ಮ ಪಠ್ಯವನ್ನು ತಿರುವಿ ನೋಡಿದರೆ, ಪಾಠದ ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಸಂಕ್ಷಿಪ್ತ' ಎಂಬರ್ಥದ ಇಂಗ್ಲಿಷ್ ಪದವೊಂದು ಕೂತಿತ್ತು.

ಸಂಜೆ ಅತ್ತೆಗೆ ಎಲ್ಲವನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಅವರು ಕೇಳಿದರು: "ಅಲ್ಲಾ, ಇಪ್ಪತ್ತು ವರ್ಷ ಆ ಹೆಂಗಸು ನಿಮ್ಮ ಪಾಠದಲ್ಲಿ ಓಡಾಡಿದ್ಲು. ಯಾಕಮ್ಮಾ ಅಂತ ನೀವು ಒಂದು ದಿನಾನೂ ಕೇಳ್ಲಿಲ್ವಾ?"

"ಆ ಪ್ರಶ್ನೆ ಪರೀಕ್ಷೆಗೆ ಬರ್ತಿರಲಿಲ್ಲ" ಎಂದೆ.