ಚಾದರ ಸಾವಕಾರರ ಗೊರಕೆ

ಮೈ ಬಿಸಿಯಾದರೆ ಜನ ಅರ್ಧ ಗಂಟೆಯಲ್ಲಿ ದವಾಖಾನೆಗೆ ಬರುತ್ತಾರೆ. ನಿದ್ದೆ ಕೆಟ್ಟರೆ ಮಾತ್ರ ತಾಯತದವನು, ಜ್ಯೋತಿಷಿ, ಹೆಂಡತಿಯ ತವರಿನವರು ಎಲ್ಲರ ಸಲಹೆಯೂ ಮುಗಿದ ಮೇಲೆ ನನ್ನ ಬಾಗಿಲಿಗೆ ಬರುತ್ತಾರೆ, ಅದೂ ಬೇರೆ ಯಾವುದೋ ನೋವು ಹೇಳಿಕೊಂಡು. ಎಪ್ಪತ್ತರ ದಶಕದಲ್ಲಿ ನನ್ನ ದವಾಖಾನೆ ಸೊಲ್ಲಾಪುರದಲ್ಲಿತ್ತು. ಗುರುವಾರ ಮಾತ್ರ ಅಕ್ಕಲಕೋಟೆಯಲ್ಲಿ ಕೂರುತ್ತಿದ್ದೆ. ಎರಡೂ ಕಡೆ ಇದೇ ಕತೆ.

೧. ಪಕ್ಕೆ ನೋವು

ಚಾದರದ ಅಂಗಡಿಯ ಸಾವಕಾರರೊಬ್ಬರು ಹೆಂಡತಿಯೊಡನೆ ಬಂದರು. ಗದ್ದ ಎಲ್ಲಿ ಮುಗಿದು ಎದೆ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬೇಕು, ಅಂಥ ಮೈ.

"ಎಡ ಪಕ್ಕಡಿ ಭಾಳ ನೋಯತದರಿ ಡಾಕ್ಟರಸಾಹೇಬ್ರ."

ಎಲ್ಲಾದರೂ ಬಿದ್ದಿದ್ದೀರಾ ಎಂದೆ. ಇಲ್ಲವಂತೆ. ಭಾರ ಎತ್ತಿದ್ದೀರಾ?

"ಹತ್ತು ವರ್ಷದಾಗ ಏನೂ ಎತ್ತಿಲ್ಲರಿ."

ಹೆಂಡತಿ ಸೆರಗಿನ ಅಂಚು ತಿರುವುತ್ತ, "ಅದು ನಾ ಹೊಡದದ್ದರಿ" ಎಂದರು. "ಇವ್ರು ಗಿರಣಿ ನಡದಂಗ ಘೋರಸ್ತಾರರಿ. ಅದು ನನಗ ರೂಢಿ ಆಗ್ಯದ. ಆದರ ನಡುವ ಗಿರಣಿ ಬಂದ್ ಆಗತದ, ಉಸರೂ ಬಂದ್. ಆ ಸಪ್ಪಳ ನಿಂತ್ರ ನನಗ ಎಚ್ಚರ. ಎದ್ದು ಕುಂತು ಒಂದು, ಎರಡು ಅಂತ ಎಣಸ್ತೀನಿ. ಇಪ್ಪತ್ತಕ್ಕ ಬಂತಂದ್ರ ಮೊಳಕೈಲೆ ಒಂದು ಕೊಡ್ತೀನಿ. ಮತ್ತ ಚಾಲೂ ಆಗತದ."

ನಾನು ಪೆನ್ನು ಕೆಳಗಿಟ್ಟೆ. ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ. ಆದರೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತಿದ್ದರೆ, ಹಗಲು ಕೂತಲ್ಲೇ ತೂಕಡಿಕೆ ಬರುತ್ತಿದ್ದರೆ, ಅದು ಹೆಂಡತಿಯ ಮೊಳಕೈಗೆ ಬಿಡುವ ವಿಷಯವಲ್ಲ. ಮೈ ಇಳಿಸಿ, ಮಗ್ಗುಲಾಗಿ ಮಲಗಿ, ನಿದ್ದೆಗುಳಿಗೆಯನ್ನು ಮುಟ್ಟಬೇಡಿ, ಪುಣೆಯಲ್ಲಿ ಗಂಟಲಿನ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಜೀಪು ಓಡಿಸಬೇಡಿ ಎಂದು ಒಂದೊಂದೇ ಹೇಳಿದೆ. ಜೀಪು ಎಂದಾಗ ಮಾತ್ರ ಅವರಿಗೆ ಕೋಪ ಬಂತು. ವಾರಕ್ಕೊಮ್ಮೆ ಅಕ್ಕಲಕೋಟೆಯ ಅಂಗಡಿಗೆ ತಾವೇ ಓಡಿಸಿಕೊಂಡು ಹೋಗುವುದು ಅವರ ಠೀವಿ.

"ನಮ್ಮ ಅಪ್ಪಾನೂ ಘೋರಸ್ತಿದ್ದರು, ಅಜ್ಜಾನೂ ಘೋರಸ್ತಿದ್ದರು. ಇದು ಖಾನದಾನಿ ಅದರಿ."

"ಅವರ ಹತ್ತಿರ ಜೀಪಿತ್ತೇ?"

"ಇಲ್ಲರಿ, ಚಕ್ಕಡಿ."

"ಎತ್ತಾದರೂ ಎಚ್ಚರವಿರುತ್ತಿತ್ತು" ಎಂದೆ.

ಸಾವಕಾರರು ಎದ್ದು ನಿಂತರು. "ಅದೆಲ್ಲಾ ಆಮ್ಯಾಲ ನೋಡೂಣು. ಪಕ್ಕಡಿಗೆ ಗುಳಿಗಿ ಕೊಡ್ರಿ. ಇಕಿ ಮೊಳಕೈಗೂ ಒಂದು ಮಲಾಮ ಬರೀರಿ, ನೋಯತದಂತ."

೨. ಮಾಲಿನ ಭರೋಸಾ

ಕೆಲವು ದಿನಗಳ ನಂತರ ಅವರ ಅಂಗಡಿಗೆ ಹೋದೆ. ಗಾದಿಯ ಮೇಲೆ ಸಾವಕಾರರು ಚಾದರಗಳ ಅಟ್ಟಿಗೆ ತಲೆಯಾನಿಸಿ ಬಾಯಿ ತೆರೆದು ಮಲಗಿದ್ದರು. ಮುಂದೆ ಮೈಂದರ್ಗಿಯಿಂದ ಚಾದರ ಕೊಳ್ಳಲು ಬಂದ ಗಂಡ ಹೆಂಡತಿ ಭಕ್ತಿಯಿಂದ ನಿಂತಿದ್ದರು.

"ಮಾಲು ಭಾರಿ ಇರಬೇಕು ನೋಡು" ಎಂದು ಗಂಡ ಪಿಸುಗುಟ್ಟಿದ. "ಮಾರಾವಗನ ನಿದ್ದಿ ಹತ್ಯದ."

"ಹಂಗಾರ ಅವರ ತಲಿ ಕೆಳಗಿಂದು ಕೇಳ್ರಿ" ಎಂದಳು ಹೆಂಡತಿ.

ಎಬ್ಬಿಸಿ, ತಲೆಯ ಕೆಳಗಿನದನ್ನೇ ಕೊಂಡು ಹೋದರು. ಸಾವಕಾರರು ನನ್ನ ಕಡೆ ಗೆದ್ದವರಂತೆ ನೋಡಿದರು. "ನೀವು ಇದಕ್ಕ ಬ್ಯಾನಿ ಅಂತೀರಿ."

"ಪುಣೆಗೆ ಯಾವಾಗ?"

"ದೀಪಾವಳಿ ಸೀಸನ್ ಮುಗೀಲಿರಿ. ಅದಿರಲಿ, ನಿಮ್ಮದೊಂದು ಚೀಟಿ ಬೇಕು. ಇವರು ಜೀಪ್ ಹೊಡೀಲಿಕ್ಕೆ ಅಡ್ಡಿ ಇಲ್ಲ ಅಂತ ಬರದು ಸಹಿ ಮಾಡ್ರಿ. ಮನ್ಯಾಗ ಹೆಂಡ್ತಿ ಜೀಪಿನ ಕೀಲಿ ಬಚ್ಚಿಟ್ಟಾಳ."

ಸುಳ್ಳು ಸರ್ಟಿಫಿಕೇಟಿಗೆ ನಾನು ಈವರೆಗೆ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಇದನ್ನು ಸ್ವಲ್ಪ ವಿಸ್ತಾರವಾಗಿ, ಖಾರವಾಗಿ ಹೇಳಿದೆ. ಹೇಳಿ ಮುಗಿಸಿ ನೋಡಿದರೆ, ಅರ್ಜಿದಾರರು ಹೊಸ ಚಾದರಕ್ಕೆ ತಲೆ ಕೊಟ್ಟಾಗಿತ್ತು.

೩. ಒಂದು ಕಡಿಮಿ

ಈ ಪ್ರಸಂಗದಲ್ಲಿ ತಪ್ಪು ನನ್ನದು. ಹನ್ನೂರಿನ ಕುರುಬನೊಬ್ಬ ಅಕ್ಕಲಕೋಟೆಯ ದವಾಖಾನೆಗೆ ಬಂದು, ತಿಂಗಳಿಂದ ರಾತ್ರಿ ನಿದ್ದೆಯಿಲ್ಲ ಎಂದ. ನಾನು ಕಲಿತದ್ದು ಇಂಗ್ಲಿಷ್ ಶಾಲೆಯಲ್ಲಿ. ಅಲ್ಲಿನ ಪುಸ್ತಕದಲ್ಲಿ ನಿದ್ದೆ ಬಾರದವರು ಕುರಿ ಎಣಿಸುತ್ತಾರೆ. ಎದುರಿಗೆ ಯಾರು ಕೂತಿದ್ದಾರೆ ಎಂದು ಯೋಚಿಸದೆ ಹೇಳಿಬಿಟ್ಟೆ: "ಕಣ್ಣು ಮುಚ್ಚಿಕೊಂಡು ಕುರಿ ಎಣಿಸು."

ಮುಂದಿನ ಗುರುವಾರ ಬಂದ. ಕಣ್ಣು ಕೆಂಡ.

"ಎಣಸಿದ್ನಿರಿ. ಒಂದು ಕಡಿಮಿ ಬಂತು. ಕಂದೀಲು ಹಿಡಕೊಂಡು ನಾನು, ನನ್ನ ಹೆಂಡ್ತಿ, ನನ್ನ ತಮ್ಮ ಹೊತ್ತು ಹೊಂಡೂತನಕ ಹುಡಕಿದಿವಿ. ಮರುದಿನ ಎಣಸಿದ್ರ ಒಂದು ಹೆಚ್ಚಿಗಿ. ಮಂದೀದು ಹೊಡಕೊಂಡು ಬಂದೀರಿ ಅಂತ ಬಾಜೂದವರು ಜಗಳಕ್ಕ ಬಂದ್ರು. ಸಾಹೇಬ್ರ, ತಪ್ಪ ತಿಳಕೋಬ್ಯಾಡ್ರಿ, ನೀವು ಹಾಸಗಿ ಮ್ಯಾಲ ಪೇಷಂಟ್ ಎಣಸ್ತೀರೇನ್ರಿ?"

ಮೊದಲೇ ಕೇಳಬೇಕಾದ್ದನ್ನು ಆಗ ಕೇಳಿದೆ. ಸಂಜೆಯ ಮೇಲೆ ಆರು ಕಪ್ ಚಹಾ. ಮಧ್ಯಾಹ್ನ ರಸ್ತೆಯ ಪಕ್ಕದ ಬೇವಿನ ಕೆಳಗೆ ಕಂಬಳಿ ಹೊದ್ದು ಮೂರು ತಾಸು ನಿದ್ದೆ. ಎರಡನ್ನೂ ಬಿಡು, ಆಮೇಲೂ ನಿದ್ದೆ ಬಾರದಿದ್ದರೆ ಬಾ ಎಂದೆ.

"ಚಹಾ ಬಿಡ್ತೀನಿರಿ. ಆದರ ಹಗಲ ನಿದ್ದೀನೂ ಬಿಟ್ರ, ಮಲಗೂದು ಯಾವಾಗರಿ?"

೪. ಊಠ್

ದೀಪಾವಳಿ ಮುಗಿದ ಮೊದಲ ಗುರುವಾರ, ಮಧ್ಯಾಹ್ನ. ಅಕ್ಕಲಕೋಟೆ ಇನ್ನೂ ದೂರವಿದ್ದಾಗ ನಮ್ಮ ಬಸ್ಸು ನಿಂತಿತು. ರಸ್ತೆ ತುಂಬ ಕುರಿ. ಅವುಗಳ ಆಚೆ ಒಂದು ಜೀಪು, ಎರಡು ಗಾಲಿ ತಗ್ಗಿನಲ್ಲಿ, ಮೂತಿ ಜಾಲಿಕಂಟಿಯಲ್ಲಿ. ಗುರುತು ಹತ್ತಿತು. ಓಡಿದೆ.

ಸಾವಕಾರರು ಸ್ಟೇರಿಂಗಿನ ಮೇಲೆ ಬಿದ್ದಿದ್ದರು. ಉಸಿರಿಲ್ಲ. ನಾಡಿ ಹಿಡಿದು, ಅವರ ಹೆಂಡತಿಯಂತೆಯೇ ಎಣಿಸತೊಡಗಿದೆ. ಹತ್ತು. ಹದಿನೈದು. ಹದಿನೆಂಟಕ್ಕೆ ಗಿರಣಿ ಚಾಲೂ ಆಯಿತು.

ಮೈಮೇಲೆ ಒಂದು ಗೀರೂ ಇರಲಿಲ್ಲ. ಪಕ್ಕದ ಬೇವಿನ ಕೆಳಗೆ ಕಂಬಳಿ ಹೊದ್ದು ಹನ್ನೂರಿನ ನಮ್ಮ ಕುರುಬ. ಅವನೂ ಗಾಢ ನಿದ್ದೆಯಲ್ಲಿ. ಜೀಪಿನವನು ಮಲಗಿದ್ದ, ಕುರಿಯವನು ಮಲಗಿದ್ದ; ಎಚ್ಚರವಿದ್ದು ದಾರಿ ಬಿಟ್ಟದ್ದು ಕುರಿಗಳು.

ಬಸ್ಸಿನಲ್ಲಿದ್ದ ಹವಾಲ್ದಾರ ಇಳಿದು ಬಂದ. ಕನ್ನಡದ ಗಂಧವಿಲ್ಲದ ಮರಾಠಿ ಮನುಷ್ಯ. ಬಾನೆಟ್ಟಿಗೆ ಲಾಠಿ ಬಡಿದು, "ಊಠ್! ಊಠ್!" ಎಂದು ಗದರಿದ. ಎದ್ದೇಳು ಎಂದು ಅವನ ಅರ್ಥ.

ಸಾವಕಾರರು ಕಣ್ಣು ಬಿಡದೆ, "ಆಗ್ಯದರಿ. ನಿಮ್ಮದು?" ಎಂದರು.

"ಅರೇ, ಊಠ್!"

"ಒಲ್ಲೆರಿ, ಹೊಟ್ಟಿ ತುಂಬ್ಯದ."

ಅಷ್ಟರಲ್ಲಿ ಬೇವಿನ ಕೆಳಗಿನ ಕಂಬಳಿ ಅಲುಗಿತು. "ಊಟಾ? ಬಂದ್ನಿರಿ, ಬಂದ್ನಿ!" ಎಂದು ಕುರುಬ ಎದ್ದು ಕೂತ.

ಮುಖಕ್ಕೆ ನೀರು ಬಿದ್ದ ಮೇಲೆ ಸಾವಕಾರರು ಇಳಿದರು. ಮುಂದಿನ ಗಾಲಿಯಿಂದ ಒಂದು ಗೇಣು ದೂರದಲ್ಲಿ ಕುರಿಮರಿಯೊಂದು ನಿಂತಿತ್ತು. ಅದನ್ನೂ, ಬೇವಿನ ಮರವನ್ನೂ, ಕುರುಬನನ್ನೂ ನೋಡಿದರು. ಹೆಂಡತಿ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ, ತಾವು ಕದ್ದು ತಂದಿದ್ದ ಕೀಲಿಯನ್ನು ನನ್ನ ಕೈಗೆ ಹಾಕಿದರು.

"ನಾಳಿಗೇ ಪುಣೇಕ ಹೋಗ್ತೀನಿರಿ."

ಕುರುಬ ಮಾತ್ರ ಯಾರನ್ನೂ ಬಿಡಲೊಲ್ಲ. ಒಂದೂ ಕಡಿಮೆಯಿಲ್ಲವೆಂದು ಖಾತ್ರಿಯಾಗುವವರೆಗೆ ಸಾವಕಾರರು ಅಲ್ಲಾಡುವಂತಿಲ್ಲ. ಅವರನ್ನು ಬೇವಿನ ಬುಡಕ್ಕೆ ಕೂರಿಸಿ, ಗಟ್ಟಿಯಾಗಿ ಎಣಿಸತೊಡಗಿದ. ಲೆಕ್ಕ ನಲವತ್ತು ಮುಟ್ಟುವ ಮೊದಲೇ ಗೊರಕೆ ಕೇಳಿಸಿತು.

ಇಂಗ್ಲಿಷ್ ಪುಸ್ತಕ ಸುಳ್ಳು ಹೇಳಿರಲಿಲ್ಲ. ನಾನು ಆ ಔಷಧಿಯನ್ನು ಕೊಟ್ಟದ್ದು ತಪ್ಪು ರೋಗಿಗೆ, ಅಷ್ಟೇ.